ಬಯಲಾಟದೊಳಗಿನ ಒಳಾಟಗಳು: ಒಂದು ವಿಚಾರ

ಮಹಾಕಾವ್ಯದಲ್ಲಿ ಹದಿನೆಂಟು ವರ್ಣನೆಗಳಿರಬೇಕೆಂದು ನಮ್ಮ ಪ್ರಾಚೀನ ಲಾಕ್ಷಣಿಕರು ವಿಧಿಸಿದರು. ನಾಯಕನು ದಂಡೆತ್ತಿ ಹೊರಟಿರುವಾಗಲೂ ಕವಿಯಾದವನು ಅವನನ್ನು ನಡುದಾರಿಯಲ್ಲಿ ತಡೆದು, ಉದ್ಯಾನದಲ್ಲಿ ಸುತ್ತಾಡಿಸಿ, ಜಲಕ್ರೀಡೆಯಾಡಿಸಿ, ಚಂದ್ರೋದಯವನ್ನು ತೋರಿಸಿಯೇ ಮುಂದಕ್ಕೆ ಬಿಡುತ್ತಾನೆ. ಇದನ್ನು ತರಗತಿಯಲ್ಲಿ ಪಾಠ ಹೇಳುವಾಗ ನಾವು ಯಾರೂ ಕವಿಯ ಮೇಲೆ ಸಿಟ್ಟಾಗುವುದಿಲ್ಲ. ಅದು ಸಂಪ್ರದಾಯವೆಂದು ಹೇಳಿ ಮುಂದಿನ ಪದ್ಯಕ್ಕೆ ಸಾಗುತ್ತೇವೆ. ಆದರೆ ನಮ್ಮ ಹುಡುಗನೊಬ್ಬನು ಕಂಪ್ಯೂಟರಿನ ಮುಂದೆ ಕುಳಿತು, ಲೋಕವನ್ನುಳಿಸಲು ಹೊರಟ ವೀರನನ್ನು ಕೆರೆಯ ದಂಡೆಯ ಮೇಲೆ ಮೀನು ಹಿಡಿಯಲು ಕೂಡಿಸಿದನೆಂದರೆ ಮಾತ್ರ ನಮಗೆ ತಾಳ್ಮೆ ತಪ್ಪುತ್ತದೆ. ಈ ಎರಡು ನಿಲುವುಗಳು ಒಂದೇ ತಲೆಯಲ್ಲಿ ಜೊತೆಯಾಗಿ ಬಾಳುವುದು ಹೇಗೆಂಬುದೇ ಈ ಲೇಖನಕ್ಕೆ ಕಾರಣವಾದ ಪ್ರಶ್ನೆ.

ವಿಷಯದ ಪರಿಚಯವಿಲ್ಲದ ಹಿರಿಯರಿಗಾಗಿ ಎರಡು ಮಾತು. ಇಂದಿನ ವಿಡಿಯೋ ಆಟಗಳಲ್ಲಿ 'ಓಪನ್ ವರ್ಲ್ಡ್' ಎಂಬುದೊಂದು ಜಾತಿಯುಂಟು. ಅದರಲ್ಲಿ ಆಡುವವನೇ ಕಥಾನಾಯಕ. ಕಾಡು, ಊರು, ನದಿ, ಕೋಟೆಗಳಿಂದ ಕೂಡಿದ ಕಲ್ಪಿತ ದೇಶವೊಂದು ಅವನ ರಂಗಸ್ಥಳ. ಆ ದೇಶದಲ್ಲಿ ಅವನು ಮನಸ್ಸು ಬಂದ ಕಡೆಗೆ ನಡೆಯಬಹುದು. ಅಸುರನನ್ನು ಕೊಲ್ಲುವುದೋ, ಕಳೆದುಹೋದವರನ್ನು ಹುಡುಕುವುದೋ ಎಂಬ ಮೂಲಕಥೆಯೊಂದಿರುತ್ತದೆ. ಅದರ ಸುತ್ತಲೂ ಇಸ್ಪೀಟು, ಕುದುರೆಯೋಟ, ಮುಷ್ಟಿಕಾಳಗ, ಅಡುಗೆ, ಕಮ್ಮಾರಿಕೆ, ಮೀನುಗಾರಿಕೆ ಮೊದಲಾದ ಸಣ್ಣ ಸಣ್ಣ ಆಟಗಳು ಹರಡಿರುತ್ತವೆ. ಹುಡುಗರು ಇವನ್ನು 'ಮಿನಿ ಗೇಮ್', 'ಸೈಡ್ ಮಿಷನ್' ಎಂದು ಕರೆಯುತ್ತಾರೆ. ಅಕಿವಾಟದಂಥ ನಮ್ಮ ಶಿರೋಳ ತಾಲೂಕಿನ ಗಡಿಯೂರುಗಳಲ್ಲಿ ಮನೆಯ ಮಾತು ಕನ್ನಡ, ಪೇಟೆಯ ಮಾತು ಮರಾಠಿ, ಆಟದ ಮಾತು ಇಂಗ್ಲಿಷ್ ಆಗಿ ಹೋಗಿದೆ. ಆದುದರಿಂದ ಇವಕ್ಕೊಂದು ಕನ್ನಡದ ಹೆಸರನ್ನಿಟ್ಟುಕೊಂಡೇ ಚರ್ಚೆಗೆ ತೊಡಗುವುದು ಲೇಸು. ಬಯಲಿನಲ್ಲಿ ಆಡುವ ಆಟಕ್ಕೆ 'ಬಯಲಾಟ'ವೆಂಬ ಹೆಸರು ನಮ್ಮಲ್ಲಿ ಮೊದಲಿನಿಂದಲೂ ಇದೆ. ಅದನ್ನು ನಮ್ಮ ಕಲಾವಿದರಿಂದ ಸ್ವಲ್ಪ ಹೊತ್ತು ಕಡ ತಂದು, ಅದರೊಳಗಿನ ಈ ಸಣ್ಣ ಆಟಗಳನ್ನು 'ಒಳಾಟ'ಗಳೆಂದು ಕರೆಯುತ್ತೇನೆ.

ಕಡ ತಂದದ್ದರಲ್ಲಿ ಅನ್ಯಾಯವೇನೂ ಆಗಿಲ್ಲ. ಬೆಳಗಾವಿ ಕಡೆಯ ಶ್ರೀಕೃಷ್ಣ ಪಾರಿಜಾತವನ್ನು ನೋಡಿದವರಿಗೆ ಗೊಲ್ಲತಿಯ ಪ್ರಸಂಗ ಗೊತ್ತೇ ಇದೆ. ಸತ್ಯಭಾಮೆ ಬೇಡಿದ ಹೂವಿಗೂ ಆ ಗೊಲ್ಲತಿಗೂ ನೇರವಾದ ಸಂಬಂಧವಿಲ್ಲ. ಆದರೂ ಜನ ಅದಕ್ಕಾಗಿಯೇ ಚಾಪೆ ಹಾಸಿಕೊಂಡು ಕಾಯುತ್ತಾರೆ. ಮೂಲಕಥೆಗಿಂತ ಪಕ್ಕದ ಕಥೆಯಲ್ಲಿ ರುಚಿ ಕಾಣುವುದು ಇಂದಿನ ಹುಡುಗರು ಕಂಡುಹಿಡಿದ ದುರಭ್ಯಾಸವೇನಲ್ಲ.

ಈಗ ಕಾಲೇಜಿನಲ್ಲಿ ಓದುತ್ತಿರುವ ಹಳೆಯ ವಿದ್ಯಾರ್ಥಿಯೊಬ್ಬನು ಇಚಲಕರಂಜಿಯಲ್ಲಿರುವ ತನ್ನ ಅಣ್ಣನ ಮನೆಯಲ್ಲಿ ನನಗೆ ಈ ಆಟಗಳನ್ನು ಆಡಿ ತೋರಿಸಿದನು. ಮೊದಲು ತೋರಿಸಿದ್ದು 'ದಿ ವಿಚರ್ 3: ವೈಲ್ಡ್ ಹಂಟ್'. ಪೋಲೆಂಡಿನ ಸಿ.ಡಿ. ಪ್ರೊಜೆಕ್ಟ್ ರೆಡ್ ಸಂಸ್ಥೆ ಇದನ್ನು 2015ರಲ್ಲಿ ಹೊರತಂದಿತು. ಆಂದ್ರೇಯ್ ಸಪ್ಕೋವ್ಸ್ಕಿಯ ಕಾದಂಬರಿಗಳ ಲೋಕವೇ ಇದಕ್ಕೆ ಆಧಾರ. (ಹದಿನೆಂಟು ತುಂಬಿದವರಿಗೆಂದು ಗುರುತು ಮಾಡಿದ ಆಟವಿದು, ಸಾಲೆಯ ಮಕ್ಕಳ ಕೈಗೆ ಕೊಡತಕ್ಕದ್ದಲ್ಲ.) ನಾಯಕ ಗೆರಾಲ್ಟ್ ಕೂಲಿಗೆ ರಾಕ್ಷಸರನ್ನು ಕೊಲ್ಲುವ ಅಲೆಮಾರಿ. ಅವನ ಸಾಕುಮಗಳು ಕಾಣೆಯಾಗಿದ್ದಾಳೆ. ಪ್ರೇತಸೈನ್ಯದಂಥ ಸವಾರರ ಪಡೆಯೊಂದು ಅವಳ ಬೆನ್ನು ಹತ್ತಿದೆ. ಅವಳ ಹೆಸರು ಸಿರಿ. ಹೆಸರು ಕೇಳಿದೊಡನೆ ನಮ್ಮ ಮನೆಯ ಹುಡುಗಿಯೇ ಕಳೆದಂತಾಗಿ ನನ್ನ ಕಾತರ ಹೆಚ್ಚಿತು. ಆದರೆ ನಾಯಕನು ಹೆಂಡದಂಗಡಿಯಲ್ಲಿ ಕುಳಿತು ಎಲೆಯಾಡತೊಡಗಿದನು. ಒಂದಾಟ ಮುಗಿಯಿತು, ಮತ್ತೊಂದು ಹೂಡಿದನು. ನಾನು ತಡೆಯಲಾರದೆ, "ತಮ್ಮಾ, ಮಗಳು ಕಳದಾಳ, ನೀ ಇಸ್ಪೀಟ ಆಡಕೋತ ಕುಂತೀಯಲ್ಲೋ!" ಎಂದೆ. ಅವನು ಪರದೆಯಿಂದ ಕಣ್ಣು ಕೀಳದೆ, "ಸರ, ಸಿರಿ ಎಲ್ಲೂ ಹೋಗೂದಿಲ್ರಿ. ನಾವು ಹೋಗೂ ತನಕಾ ಕಥಿ ಅಲ್ಲೇ ನಿಂತಿರತೈತ್ರಿ" ಎಂದನು.

ಈ ಉತ್ತರದಲ್ಲಿ ಬಯಲಾಟಗಳ ಮುಖ್ಯ ದೋಷವೂ ಮುಖ್ಯ ಸೌಕರ್ಯವೂ ಒಟ್ಟಿಗೆ ಅಡಗಿವೆ. ಅಲ್ಲಿ ಕಾಲವೆಂಬುದು ಆಡುವವನ ಆಳು. ಸೂರ್ಯ ಮುಳುಗುತ್ತಾನೆ, ಮಳೆ ಬರುತ್ತದೆ, ಆದರೆ ಅಪಾಯ ಮಾತ್ರ ಕೈಕಟ್ಟಿ ಕಾದಿರುತ್ತದೆ. ಹೀಗಿರುವಾಗ 'ತಡಮಾಡಿದರೆ ಕೆಟ್ಟೆ' ಎಂದು ಪಾತ್ರಗಳು ಎಷ್ಟು ಕೂಗಿಕೊಂಡರೇನು? ಹೇಳುವ ಮಾತು ಒಂದು, ನಡೆಯುವ ನಿಯಮ ಮತ್ತೊಂದು. ಕ್ಷೇಮೇಂದ್ರನಿದ್ದಿದ್ದರೆ ಇದನ್ನು ಔಚಿತ್ಯಭಂಗವೆನ್ನುತ್ತಿದ್ದನೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಅದೇ ತಕ್ಕಡಿಯಲ್ಲಿ ನಮ್ಮ ಕಾವ್ಯಗಳನ್ನೂ ತೂಗಬೇಕಾಗುತ್ತದೆ. ರತ್ನಾಕರವರ್ಣಿಯ ಭರತೇಶ ವೈಭವವನ್ನೇ ನೋಡಿರಿ. ಷಟ್ಖಂಡವನ್ನು ಗೆಲ್ಲಬೇಕಾದ ಚಕ್ರವರ್ತಿಯು ಭೋಗವಿಜಯದುದ್ದಕ್ಕೂ ಆಸ್ಥಾನದಲ್ಲಿ ಕೂಡುತ್ತಾನೆ, ಹಾಡು ಕೇಳುತ್ತಾನೆ, ಊಟ ಮಾಡುತ್ತಾನೆ, ನಾಟ್ಯ ನೋಡುತ್ತಾನೆ. ದಿಗ್ವಿಜಯ ಕಾಯುತ್ತದೆ. ಈ ಕಾಯುವಿಕೆ ನಮಗೇಕೆ ಬೇಸರ ತರುವುದಿಲ್ಲ? ಆ ಊಟ, ಆ ಸಂಗೀತಗಳ ನಡುವೆ ಅಂಟದೆ ಇರುವ ಯೋಗಿಯೊಬ್ಬನನ್ನು ಕವಿ ತೋರಿಸುತ್ತಿದ್ದಾನಾದ ಕಾರಣ. ಪಕ್ಕದ ಕೆಲಸದಲ್ಲಿಯೇ ಮುಖ್ಯ ಅರ್ಥ ಕೂತಿದೆ. ಆದ್ದರಿಂದ ಒಳಾಟವು ಕಥೆಯನ್ನು ತಡೆಯಿತೇ ಎಂದು ಕೇಳುವುದು ಸರಿಯಾದ ಪರೀಕ್ಷೆಯಲ್ಲ. ಅಲ್ಲಿ ಕಳೆದ ಹೊತ್ತು ಏನನ್ನಾದರೂ ಹೊತ್ತುಕೊಂಡು ಮರಳಿ ಬಂದಿತೇ ಎಂದು ಕೇಳಬೇಕು.

ಖಿದ್ರಾಪುರದ ಕೋಪೇಶ್ವರ ದೇವಾಲಯವನ್ನು ನಮ್ಮಲ್ಲಿ ನೋಡದವರಿಲ್ಲ. ಅದರ ಹೊರಗೋಡೆಯ ಬುಡದಲ್ಲಿ ಸಾಲಾಗಿ ಆನೆಗಳು ನಿಂತಿವೆ. ಅವು ಗರ್ಭಗುಡಿಯ ಕಡೆಗೆ ಮುಖ ಮಾಡಿಲ್ಲ. ಒಂದೂ ಒಳಗೆ ಹೋಗುವುದಿಲ್ಲ. ಆದರೆ ಗುಡಿಯ ಭಾರ ಅವುಗಳ ಬೆನ್ನಿನ ಮೇಲಿದೆಯೆಂಬ ಭಾವನೆ ಪ್ರದಕ್ಷಿಣೆ ಹಾಕುವವನಿಗೆ ಬರುತ್ತದೆ. ಒಳ್ಳೆಯ ಒಳಾಟದ ಸ್ಥಾನ ಇಂಥದು.

ಮತ್ತೆ ಆ ಎಲೆಯಾಟಕ್ಕೆ ಬರೋಣ. ಅದರ ಹೆಸರು 'ಗ್ವೆಂಟ್'. ಇಬ್ಬರು ಎದುರುಬದುರು ಕೂಡುತ್ತಾರೆ. ಕೈಯಲ್ಲಿ ಹತ್ತು ಎಲೆಗಳು. ಒಂದೊಂದು ಎಲೆಯೂ ಒಬ್ಬ ಯೋಧ ಅಥವಾ ಒಂದು ಯಂತ್ರ. ಮುಂದಿನ ಸಾಲು ಕೈಕೈ ಕಾದುವವರದು, ನಡುಸಾಲು ಬಿಲ್ಲುಗಾರರದು, ಹಿಂದಿನದು ಕೋಟೆ ಒಡೆಯುವ ಯಂತ್ರಗಳದು. ಯಾರ ಸಾಲುಗಳ ಒಟ್ಟು ಬಲ ಹೆಚ್ಚೋ ಅವರಿಗೆ ಆ ಸುತ್ತು. ಮೂರರಲ್ಲಿ ಎರಡು ಸುತ್ತು ಗೆದ್ದವನಿಗೆ ಆಟ. ಇಷ್ಟರಲ್ಲೇ ಸೊಗಸೇನೂ ಇಲ್ಲ. ಸುತ್ತು ಮುಗಿದಾಗ ಹೊಸ ಎಲೆಗಳು ಸಾಮಾನ್ಯವಾಗಿ ಸಿಗುವುದಿಲ್ಲವೆಂಬಲ್ಲಿ ಅದರ ಸೊಗಸಿದೆ. ಮೊದಲ ಸುತ್ತನ್ನು ಗೆಲ್ಲಲೇಬೇಕೆಂದು ಬಲವನ್ನೆಲ್ಲ ಸುರಿದವನು ಬರಿಗೈಯಾಗುತ್ತಾನೆ. ಎದುರಾಳಿಯನ್ನು ಸುರಿಯುವಂತೆ ಮಾಡಿ, ತಾನು ಸಕಾಲದಲ್ಲಿ 'ಸಾಕು' ಎಂದು ಹಿಂದೆಗೆದವನು ಉಳಿದೆರಡನ್ನು ಗೆಲ್ಲುತ್ತಾನೆ. ಗೂಢಚಾರನ ಎಲೆಯೊಂದುಂಟು: ಅದನ್ನು ಶತ್ರುವಿನ ಸಾಲಿನಲ್ಲಿಟ್ಟರೆ ಶತ್ರುವಿನ ಬಲವೇ ಹೆಚ್ಚುತ್ತದೆ, ಆದರೆ ಇಟ್ಟವನಿಗೆ ಎರಡು ಹೊಸ ಎಲೆ ದೊರೆಯುತ್ತವೆ. ಸೋಲನ್ನು ಬಂಡವಾಳವಾಗಿ ಹೂಡುವ ಈ ಬುದ್ಧಿಯನ್ನು ಆ ಆಟದ ಕತ್ತಿಕಾಳಗಗಳು ಕಲಿಸುವುದಿಲ್ಲ. ಎಲೆಗಳೇ ಕಲಿಸುತ್ತವೆ.

ಮತ್ತೊಂದು ಗುಣವೂ ಇದಕ್ಕಿದೆ. ಎಲೆಗಳ ಮೇಲಿನ ಚಿತ್ರಗಳು ಆ ಲೋಕದ ಅರಸರು, ಮಾಟಗಾತಿಯರು, ಭೂತಗಳೇ. ನಮ್ಮ ಜಿಲ್ಲೆಯ ಘಟ್ಟದಾಚೆಗಿನ ಸಾವಂತವಾಡಿಯಲ್ಲಿ ದಶಾವತಾರದ ಗಂಜೀಫಾ ಎಲೆಗಳನ್ನು ಇಂದಿಗೂ ಕೈಯಿಂದ ಬರೆಯುತ್ತಾರೆ. ಹತ್ತು ಅವತಾರಗಳಿಗೆ ಹನ್ನೆರಡರಂತೆ 120 ಎಲೆ; ಹಗಲಿನಲ್ಲಿ ರಾಮನಿಂದ ಆಟ ಸುರು, ರಾತ್ರಿಯಲ್ಲಿ ಕೃಷ್ಣನಿಂದ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಇಂಥ ಎಲೆಯಾಟಗಳಿಗೆಂದೇ ಸ್ಥಳ ಕೊಟ್ಟರು. ಪುರಾಣಲೋಕವನ್ನೇ ಅಂಗೈಯಗಲ ಮಾಡಿ ಜನರ ಕೈಗೆ ಕೊಡುವ ಯುಕ್ತಿ ಇದು. ಗ್ವೆಂಟ್ ಮಾಡಿರುವುದೂ ಅದನ್ನೇ. ಮೂಲ ಆಟದಿಂದ ಬೇರ್ಪಟ್ಟು 2018ರಲ್ಲಿ ಸ್ವತಂತ್ರ ಆಟವಾಗಿಯೂ ಅದು ಹೊರಬಂತೆಂದರೆ ಆಶ್ಚರ್ಯವಿಲ್ಲ.

ಹಾಗಾದರೆ ಗ್ವೆಂಟ್ ನಿರ್ದೋಷವೇ? ಅಲ್ಲ. ಆ ಕಥೆಯಲ್ಲಿ ಒಬ್ಬ ಬ್ಯಾರನ್ ಬರುತ್ತಾನೆ. ಕುಡಿದು ಮನೆಯನ್ನು ಹಾಳುಮಾಡಿಕೊಂಡವನು. ಹೆಂಡತಿಯೂ ಮಗಳೂ ಅವನನ್ನು ಬಿಟ್ಟು ಹೋಗಿದ್ದಾರೆ. ಗೆರಾಲ್ಟನ ಮಗಳೂ ಕಾಣೆ. ಇವರಿಬ್ಬರೂ ಬೇಕೆಂದರೆ ಎದುರುಬದುರು ಕುಳಿತು ಎಲೆಯಾಡಬಹುದು. ಮಗಳನ್ನು ಕಳೆದುಕೊಂಡ ಇಬ್ಬರು ತಂದೆಯರು, ನಡುವೆ ಒಂದು ಎಲೆಯ ಕಟ್ಟು! ಕವಿಯಾದವನಿಗೆ ಇದಕ್ಕಿಂತ ದೊಡ್ಡ ಅವಕಾಶ ಬೇಕೆ? ಆದರೆ ಆಟ ಮುಗಿದಾಗ ಗೆದ್ದವನಿಗೆ ಒಂದು ಹೊಸ ಎಲೆ ಸಿಗುತ್ತದೆ, ಅಷ್ಟೆ. ದುಃಖದ ನೆರಳು ಎಲೆಯ ಮೇಲೆ ಬೀಳುವುದಿಲ್ಲ. ಮಹಾಭಾರತದ ದ್ಯೂತದಲ್ಲಿ ಒಂದೊಂದು ಪಣವೂ ಒಂದೊಂದು ಬಾಂಧವ್ಯವನ್ನು ಕೊಚ್ಚುತ್ತ ಹೋಗುತ್ತದೆ. ಕುಮಾರವ್ಯಾಸನ ಸಭಾಪರ್ವದಲ್ಲಿ ಕೊನೆಯ ದಾಳ ಉರುಳುವಾಗ ನಾವು ಉಸಿರು ಹಿಡಿದಿರುತ್ತೇವೆ. ಅಲ್ಲಿ ಒಳಾಟವೇ ಕಥೆಯ ಕುತ್ತಿಗೆ. ಗ್ವೆಂಟ್ ಆ ಎತ್ತರಕ್ಕೆ ಏರುವ ಮೆಟ್ಟಿಲಲ್ಲೇ ಕುಳಿತುಬಿಟ್ಟಿದೆ.

ದ್ಯೂತದ ಮಾತು ಬಂದುದರಿಂದ ಒಂದು ಭೇದವನ್ನು ಹೇಳಿಬಿಡುತ್ತೇನೆ. ಗೆರಾಲ್ಟನು ಪಣವೊಡ್ಡುವ ನಾಣ್ಯ ಪರದೆಯಾಚೆಗಿನದು. ನಿಜವಾದ ಹಣವನ್ನು ಕಟ್ಟಿಸಿಕೊಳ್ಳುವ ಆನ್‌ಲೈನ್ ಆಟಗಳ ಜಾತಿಯೇ ಬೇರೆ. ಅವನ್ನು ನಿಷೇಧಿಸುವ ಕಾನೂನನ್ನು ಭಾರತದ ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಎರಡನ್ನೂ ಒಂದೇ ಕೋಲಿನಿಂದ ಬಡಿಯುವ ಭಾಷಣಗಳನ್ನು ನಮ್ಮ ಸಾಲೆಗಳಲ್ಲಿ ಕೇಳಿದ್ದೇನೆ, ನಾನೂ ಮಾಡಿದ್ದೇನೆ.

ಗಡಿಯವರಾದ ನಮಗೆ ವಿಶೇಷವಾಗಿ ಹಿಡಿಸುವ ಒಳಾಟವೊಂದಿದೆ. ಜಪಾನಿನ ಸ್ಕ್ವೇರ್ ಸಂಸ್ಥೆ 1999ರಲ್ಲಿ ಹೊರತಂದ 'ಫೈನಲ್ ಫ್ಯಾಂಟಸಿ 8'ರಲ್ಲಿ 'ಟ್ರಿಪಲ್ ಟ್ರಯಡ್' ಎಂಬ ಎಲೆಯಾಟ ಬರುತ್ತದೆ. ಮೂರು ಮೂರಲೆ ಒಂಬತ್ತು ಮನೆಗಳ ಪಟ. ಒಂದೊಂದು ಎಲೆಯ ನಾಲ್ಕು ಬದಿಗೂ ಒಂದೊಂದು ಅಂಕಿ. ಪಕ್ಕದ ಎಲೆಯ ಅಂಕಿ ಸಣ್ಣದಾದರೆ ಅದು ನಮ್ಮದಾಗುತ್ತದೆ. ಇದರಲ್ಲಿಯ ಚಮತ್ಕಾರವೆಂದರೆ ಸೀಮೆಗೊಂದು ನಿಯಮವಿರುವುದು. ಒಂದು ಸೀಮೆಯಲ್ಲಿ ಎಲೆಗಳನ್ನು ತೆರೆದಿಟ್ಟು ಆಡುತ್ತಾರೆ. ಮತ್ತೊಂದರಲ್ಲಿ ಕೈಗೆ ಬಂದ ಎಲೆಯನ್ನೇ ಆಡಬೇಕು. ಒಂದು ಕಡೆ ಆಡಿ ಬಂದವನು ಇನ್ನೊಂದು ಕಡೆ ಕೂತರೆ ಎದುರಾಳಿಯು ಎರಡೂ ಸೀಮೆಗಳ ನಿಯಮಗಳನ್ನು ಕೂಡಿಸಿ ಆಡೋಣವೇ ಎಂದು ಕೇಳುತ್ತಾನೆ. ಹೀಗೆ ಆಡುತ್ತ ಹೋದರೆ ಹೊರಗಿನ ನಿಯಮ ಅಲ್ಲಿಯೇ ಬೇರೂರಿಬಿಡಬಹುದು. ತಿಳಿಯದೆ ತಂದ ಕೆಟ್ಟ ನಿಯಮ ಹೊಲಕ್ಕೆ ಬಂದ ಕಳೆಯಂತೆ ಹಬ್ಬುತ್ತದೆ; ಹಾಗೆ ಹಬ್ಬಿದ್ದನ್ನು ಕಿತ್ತುಹಾಕಲು ಆಡುವವರು ಪಡುವ ಪಾಡು ಅಷ್ಟಿಷ್ಟಲ್ಲ.

ಇದನ್ನು ನೋಡಿದಾಗ ನನಗೆ ನಮ್ಮ ಪಡಸಾಲೆಯ ಚೌಕಾಬಾರ ನೆನಪಾಯಿತು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಮನೆಗೆ ಪ್ರವೇಶವಿಲ್ಲವೆಂದು ಕೆಲವು ಊರುಗಳಲ್ಲಿ ಕಟ್ಟುನಿಟ್ಟು. ಕೆಲವು ಕಡೆ ಆ ತೊಡಕಿಲ್ಲ. ಅಥಣಿ ಕಡೆಯಿಂದ ಬಂದ ಸೊಸೆಯೂ ಮಿರಜ ಕಡೆಯಿಂದ ಬಂದ ನೆಂಟರೂ ಒಂದೇ ಪಟದ ಮುಂದೆ ಕೂತರೆ ಕವಡೆ ಬೀಳುವ ಮೊದಲೇ ನಿಯಮದ ವಾದ ಬೀಳುತ್ತದೆ. ಕೊನೆಗೆ ಒಂದು ರಾಜಿಯಾಗಿ, ಮುಂದಿನ ದೀಪಾವಳಿಯ ಹೊತ್ತಿಗೆ ಆ ರಾಜಿಯೇ ಮನೆಯ ನಿಯಮವಾಗಿರುತ್ತದೆ. ಭಾಷೆ ಗಡಿ ದಾಟುವುದೂ ಹೀಗೆಯೇ ಅಲ್ಲವೇ? 1956ರಲ್ಲಿ ಎಳೆದ ಗೆರೆಗಿಂತ ಇಂಥ ರಾಜಿಗಳು ನಮ್ಮ ಮಾತನ್ನು ಹೆಚ್ಚು ತಿದ್ದಿವೆ. ದೂರದ ಜಪಾನಿನವರು ಒಂದು ಎಲೆಯಾಟದ ನೆವದಿಂದ ಇದನ್ನು ಹಿಡಿದಿಟ್ಟಿರುವುದು ಮೆಚ್ಚತಕ್ಕ ಮಾತು. ಲೋಕಕ್ಕೆ ಜೀವವಿದೆಯೆಂದು ನಂಬಿಸಲು ಅವರು ಅರಮನೆಗಳನ್ನು ಕಟ್ಟಿ ತೋರಿಸುವುದರ ಜೊತೆಗೆ ನಿಯಮಗಳನ್ನೂ ನಡೆದಾಡಲು ಬಿಟ್ಟರು.

ಇನ್ನೊಂದು ಉದಾಹರಣೆ ನಿಂಟೆಂಡೊ ಸಂಸ್ಥೆಯ 'ಬ್ರೆತ್ ಆಫ್ ದಿ ವೈಲ್ಡ್', 2017ರದು. ನೂರು ವರ್ಷಗಳ ಹಿಂದೆ ಹಾಳಾದ ರಾಜ್ಯ. ಎಲ್ಲಿ ನೋಡಿದರೂ ಮುರಿದ ಗೋಡೆ. ಅಸುರನನ್ನು ಕೊಲ್ಲಬೇಕಾದ ನಾಯಕ ಲಿಂಕ್‌ನಿಗೆ ಹಡ್ಸನ್ ಎಂಬ ಗೌಂಡಿಯೊಬ್ಬನು ಬರಿಯ ಬಯಲಿನಲ್ಲಿ ಭೇಟಿಯಾಗಿ, ಊರು ಕಟ್ಟಬೇಕಾಗಿದೆ, ಹತ್ತು ಹೊರೆ ಕಟ್ಟಿಗೆ ತಂದುಕೊಡು ಎನ್ನುತ್ತಾನೆ. ಆಮೇಲೆ ಇಪ್ಪತ್ತು, ಮೂವತ್ತು, ಕಡೆಗೆ ಐವತ್ತು. ಕಟ್ಟಿಗೆಯಷ್ಟೇ ಸಾಲದು, ಜನವೂ ಬೇಕು. ಆದರೆ ಅವನ ಧಣಿಯ ಕಟ್ಟಳೆಯಂತೆ ಹೆಸರಿನ ಕೊನೆಗೆ 'ಸನ್' ಇದ್ದವರಿಗೆ ಮಾತ್ರ ಅಲ್ಲಿ ಕೆಲಸ. ಆಗ ಬೆಂಕಿಬೆಟ್ಟದ ಕಲ್ಲುಮೈಯವನೊಬ್ಬ, ಮರುಭೂಮಿಯ ಹೆಣ್ಣೊಬ್ಬಳು, ರೆಕ್ಕೆಯವನೊಬ್ಬ, ನೀರಿನವನೊಬ್ಬ ಹೀಗೆ ನಾಲ್ಕು ದಿಕ್ಕಿನ ನಾಲ್ಕು ಕುಲದವರನ್ನು ಹೆಸರು ವಿಚಾರಿಸಿ ವಿಚಾರಿಸಿ ಕರೆತರಬೇಕು. 'ನವರ', 'ಕರ' ಎಂಬ ಅಡ್ಡಹೆಸರಿನ ಕೊನೆ ನೋಡಿ ಊರನ್ನೂ ಮನೆಮಾತನ್ನೂ ಊಹಿಸುವ ನಮ್ಮ ಕಡೆಯವರಿಗೆ ಈ ವಿನೋದ ಚೆನ್ನಾಗಿ ತಿಳಿಯುತ್ತದೆ. ಕಡೆಗೆ ಹಡ್ಸನ್‌ನಿಗೂ ಮರುಭೂಮಿಯ ಹೆಣ್ಣಿಗೂ ಮದುವೆ, ಪೌರೋಹಿತ್ಯ ನೀರಿನವನದು.

ಈ ಊರು ಕಟ್ಟಿದ್ದರಿಂದ ಅಸುರವಧೆಗೆ ಯಾವ ಸಹಾಯವೂ ಆಗುವುದಿಲ್ಲ. ಲೆಕ್ಕಿಗರ ದೃಷ್ಟಿಯಲ್ಲಿ ಇದು ವ್ಯರ್ಥ. ಆದರೆ ಹಾಳುಬಿದ್ದ ರಾಜ್ಯದಲ್ಲಿ ಮೊದಲ ಬಾರಿ ಸುತ್ತಿಗೆಯ ಸಪ್ಪಳ ಕೇಳುತ್ತದೆ. ಅಸುರನನ್ನು ಯಾತಕ್ಕಾಗಿ ಕೊಲ್ಲಬೇಕೆಂಬುದಕ್ಕೆ ಮೂಲಕಥೆಯಲ್ಲಿ ದೊರೆಯದ ಉತ್ತರ ಈ ಕಟ್ಟಿಗೆಯ ಹೊರೆಗಳಲ್ಲಿ ದೊರೆಯುತ್ತದೆ. ಖಿದ್ರಾಪುರದ ಆನೆಗಳ ಮಾತನ್ನು ನಾನು ಹೇಳಿದ್ದು ಇದನ್ನು ಮನಸ್ಸಿನಲ್ಲಿಟ್ಟುಕೊಂಡು.

ಎಲ್ಲ ಒಳಾಟಗಳೂ ಹೀಗಿರುವುದಿಲ್ಲವೆಂಬುದನ್ನು ಅಲ್ಲಗಳೆಯಲಾಗದು. 2011ರ 'ಸ್ಕೈರಿಮ್'ನಲ್ಲಿ ಕಮ್ಮಾರಿಕೆಯ ಕೌಶಲವನ್ನು ಹೆಚ್ಚಿಸಿಕೊಳ್ಳಲು ಆಡುವವರು ಒಂದೇ ತರದ ಕಬ್ಬಿಣದ ಬಾಕುಗಳನ್ನು ನೂರಾರು ಬಡಿದು ರಾಶಿ ಹಾಕುತ್ತಿದ್ದರು. ಲೋಕವನ್ನೇ ನುಂಗಲಿರುವ ಸರ್ಪ ಆಕಾಶದಲ್ಲಿ ಸುತ್ತುತ್ತಲೇ ಇತ್ತು. ಮಾಡಿದವರೇ ಮುಂದೆ ಈ ನಿಯಮವನ್ನು ತಿದ್ದಬೇಕಾಯಿತು. ಇದು ಆಟವಲ್ಲ, ಕಾಪಿ ಬರೆಯುವ ಶಿಕ್ಷೆ. ಗರಿ ಆರಿಸುವುದು, ಪೆಟ್ಟಿಗೆ ತೆರೆಯುವುದು, ನಕ್ಷೆಯ ಮೇಲಿನ ಚುಕ್ಕೆಗಳನ್ನು ಅಳಿಸುವುದು ಇವೆಲ್ಲ ಇದೇ ಪಂಗಡದವು; ಇವುಗಳ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಇತ್ತ 2022ರ 'ಎಲ್ಡನ್ ರಿಂಗ್' ಎಂಬ ದೊಡ್ಡ ಬಯಲಾಟದಲ್ಲಿ ಎಲೆಯಾಟವೂ ಇಲ್ಲ, ಮೀನುಗಾರಿಕೆಯೂ ಇಲ್ಲ. ಹಾಗಿದ್ದೂ ಅದು ಸೊರಗಿಲ್ಲ. ಒಳಾಟವು ಇರಲೇಬೇಕೆಂಬ ವಿಧಿಯೇನೂ ಇಲ್ಲವೆಂಬುದಕ್ಕೆ ಅದೊಂದೇ ಸಾಕ್ಷಿ ಸಾಕು. ಹದಿನೆಂಟನ್ನೂ ಭರ್ತಿ ಮಾಡಲೆಂದು ವರ್ಣಿಸಿದ ಕವಿಗಳ ಗತಿ ಏನಾಯಿತೆಂಬುದನ್ನು ಬಲ್ಲ ನಮಗೆ ಇದನ್ನು ಹೊಸದಾಗಿ ಯಾರೂ ಹೇಳಬೇಕಾಗಿಲ್ಲ.

ಒಳಾಟದ ಪೂರ್ಣಸಿದ್ಧಿಯನ್ನು ನೋಡಬೇಕೆಂದರೆ ಮಾತ್ರ ನಾನು ಈಗಲೂ ಪಂಪನಲ್ಲಿಗೇ ಹೋಗುತ್ತೇನೆ. 941ರ ಆದಿಪುರಾಣದಲ್ಲಿ ಇಂದ್ರನು ಏರ್ಪಡಿಸಿದ ನೃತ್ಯವು ಮೇಲ್ನೋಟಕ್ಕೆ ಸಭೆಯ ಮನರಂಜನೆ. ನರ್ತಿಸುತ್ತಿರುವಾಗಲೇ ನೀಲಾಂಜನೆಯ ಆಯುಷ್ಯ ತೀರಿ ಅವಳು ಮಾಯವಾಗುತ್ತಾಳೆ; ಇಂದ್ರನು ಕ್ಷಣಮಾತ್ರದಲ್ಲಿ ಅವಳಂತೆಯೇ ಇರುವ ಮತ್ತೊಬ್ಬಳನ್ನು ನಿಲ್ಲಿಸುತ್ತಾನೆ. ಉಳಿದ ಸಭೆಗೆ ಅರಿವಾಗದ ಈ ಬದಲನ್ನು ಪುರುದೇವ ಕಂಡನು. ಅಲ್ಲಿಂದ ಕಥೆಯ ದಿಕ್ಕೇ ತಿರುಗಿತು. ಅದೇ ಪುರಾಣದ ಇನ್ನೊಂದು ಸಂದರ್ಭ ಭರತ ಬಾಹುಬಲಿಯರದು. ಸೈನ್ಯಗಳು ಎದುರುಬದುರು ನಿಂತಾಗ ಮಂತ್ರಿಗಳು ಜನಕ್ಷಯವನ್ನು ತಪ್ಪಿಸಲು ಮೂರು ಪಂದ್ಯಗಳನ್ನು ಗೊತ್ತುಮಾಡಿದರು: ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಯುದ್ಧದ ಜಾಗದಲ್ಲಿ ಆಟವನ್ನಿಟ್ಟು ರಾಜ್ಯದ ತೀರ್ಪನ್ನು ಅದಕ್ಕೆ ಒಪ್ಪಿಸಿದ ಇಂಥ ಧೈರ್ಯ ಈಗಿನ ಯಾವ ಬಯಲಾಟದಲ್ಲಿಯೂ ನನಗೆ ಕಂಡಿಲ್ಲ.

ಕಳೆದ ಸಲ ಕುಂಭೋಜದ ಬಾಹುಬಲಿ ಗುಡ್ಡಕ್ಕೆ ಹೋದಾಗ ಮೇಲೆ ಹೇಳಿದ ಹುಡುಗನೂ ನನ್ನ ಜೊತೆಗಿದ್ದನು. 1963ರಲ್ಲಿ ಪ್ರತಿಷ್ಠೆಯಾದ 28 ಅಡಿಯ ಆ ಬಿಳಿಯ ಮೂರ್ತಿಯ ಮುಂದೆ ನಿಂತು ನಾನು ಎಂದಿನಂತೆ ಕಥೆ ಹೇಳಿದೆ. ಭರತನ ಎತ್ತರ ಐನೂರು ಬಿಲ್ಲು, ತಮ್ಮನದು ಐನೂರ ಇಪ್ಪತ್ತೈದು. ಆದುದರಿಂದ ಮೇಲಕ್ಕೆ ನೋಡಬೇಕಾದ ಅಣ್ಣನು ದೃಷ್ಟಿಯುದ್ಧದಲ್ಲಿ ಸೋತನು. ಎರಚಿದ ನೀರು ತಮ್ಮನ ಎದೆಯವರೆಗೆ ಮಾತ್ರ ಮುಟ್ಟಿದ್ದರಿಂದ ಜಲಯುದ್ಧದಲ್ಲಿಯೂ ಸೋತನು ಎಂದೆ. ಹುಡುಗನು ಕೂಡಲೇ ಕೇಳಿದನು: "ಸರ, ಮೂರರಾಗ ಎರಡು ಗೆದ್ದಮ್ಯಾಲ ಆಟ ಮುಗೀತಲ್ರಿ. ಮೂರನೇದ್ದು ಯಾಕ ಆಡಿದರ್ರೀ?"

ಎಷ್ಟೋ ವರ್ಷ ಈ ಪಾಠವನ್ನು ಹೇಳಿದ ನನಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಗ್ವೆಂಟ್ ಆಡಿದವನಿಗೆ ಹೊಳೆಯಿತು. ಮನೆಗೆ ಬಂದು ಮತ್ತೆ ಆ ಆಶ್ವಾಸವನ್ನು ತೆರೆದು ಕುಳಿತೆ. ಮೊದಲೆರಡು ಪಂದ್ಯಗಳಲ್ಲಿ ಅಣ್ಣತಮ್ಮಂದಿರು ದೂರದಲ್ಲಿ ನಿಂತಿದ್ದಾರೆ. ನಡುವೆ ನೋಟವಿದೆ, ನೀರಿದೆ. ಮೂರನೆಯದರಲ್ಲಿ ಮಾತ್ರ ಮೈಗೆ ಮೈ ತಾಗುತ್ತದೆ. ತಮ್ಮನು ಅಣ್ಣನನ್ನು ಎತ್ತಿ, ನೆಲಕ್ಕೆ ಅಪ್ಪಳಿಸದೆ, ಹೆಗಲ ಮೇಲೆ ಇರಿಸಿಕೊಳ್ಳುತ್ತಾನೆ. ಚಕ್ರ ಬರುವುದು ಅದಾದ ಮೇಲೆ. ಅದು ತಮ್ಮನನ್ನು ಬಲಗೊಂಡು ನಿಲ್ಲುತ್ತದೆ. ಮರುದಿನ ಹುಡುಗನಿಗೆ ಫೋನು ಮಾಡಿ ಇಷ್ಟನ್ನು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಪುಸ್ತಕ ಓದಲು ಸಿಗುತ್ತದೆಯೇ ಎಂದು ಕೇಳಿದನು.